ಸೊಂಡಿಲಿನಷ್ಟು ಉಸಿರು

ಬಾತ್‌ರೂಮಿನಲ್ಲಿ ಮಂಡಿಯೂರಿ, ಬಕೆಟ್ಟಿನೊಳಗೆ ಮುಖ ಮುಳುಗಿಸಿ, ಬಾಯಲ್ಲೊಂದು ಕೊಳವೆ ಕಚ್ಚಿಕೊಂಡು ಕೂತಿದ್ದ 33 ವರ್ಷದ ಗಂಡನನ್ನು ನೋಡಿ ನನ್ನ ಹೆಂಡತಿ ನಕ್ಕಿದ್ದು ಪಕ್ಕದ ಫ್ಲಾಟಿಗೂ ಕೇಳಿಸಿರಬೇಕು. ನಗಲಿ. ಡಿಸೆಂಬರಿಗೆ ಅಂಡಮಾನ್ ಟಿಕೆಟ್ ಬುಕ್ ಮಾಡಿದ್ದೇ ಅವಳು. ಸ್ವರಾಜ್ ದ್ವೀಪ, ಅಂದ್ರೆ 2018ರ ತನಕ ಎಲ್ಲರೂ ಹ್ಯಾವ್‌ಲಾಕ್ ಅನ್ನುತ್ತಿದ್ದ ಜಾಗ. ಅಲ್ಲಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕ್‌ಲಿಂಗ್ ಮಾಡಬೇಕು, ಹವಳ ನೋಡಬೇಕು, ಫೋಟೋ ಹಾಕಬೇಕು. ಪ್ಲಾನ್ ಇಷ್ಟೇ. ತೊಂದರೆಯೂ ಒಂದೇ: ನನಗೆ ನೀರು ಅಂದ್ರೆ ಭಯ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನ ಮಗ ಊರ ಕೆರೆಯಲ್ಲಿ ಹೋಗಿಬಿಟ್ಟ. ಅವನಿಗೆ ಈಜು ಚೆನ್ನಾಗಿ ಬರುತ್ತಿತ್ತು. ಮನೆಯವರನ್ನು ಹೆದರಿಸಿದ್ದು ಅದೇ. ಈಜು ಬಂದವನೇ ಹೋದ ಅಂದ್ಮೇಲೆ ಬಾರದವರ ಗತಿ ಏನು, ಕಲಿತಾದ್ರೂ ಏನು ಪ್ರಯೋಜನ? ಆಮೇಲೆ ನಮ್ಮ ಮನೆಯಲ್ಲಿ ಯಾರೂ ಕೆರೆ ಏರಿಯಿಂದ ಕೆಳಗಿಳಿಯಲಿಲ್ಲ. ಧರ್ಮಸ್ಥಳಕ್ಕೆ ಹೋದಾಗಲೂ ನೇತ್ರಾವತಿಯಲ್ಲಿ ಚೊಂಬಿನಿಂದ ನೀರು ಮೊಗೆದು ತಲೆಗೆ ಹಾಕಿಕೊಂಡು ಬಂದ ಜನ ನಾವು. ಅಂಡಮಾನಿನ ವಿಷಯವನ್ನು ಅಮ್ಮನಿಗೆ ಹೇಳಿದ್ದು ‘ಸುಮ್ನೆ ದ್ವೀಪ ನೋಡೋಕೆ’ ಅಂತ ಮಾತ್ರ.

ಹಾಗಾಗಿ ಮೂರು ತಿಂಗಳಿಂದ ಬೆಳಿಗ್ಗೆ 6 ಗಂಟೆಗೆ ಈಜುಕೊಳ. ಪಕ್ಕದ ಲೇನಿನಲ್ಲಿ ಎಂಟು ವರ್ಷದ ಮಕ್ಕಳು ಮೀನಿನ ಹಾಗೆ ಹೋಗ್ತಿದ್ರೆ ನಾನು ಕಂಬಿ ಹಿಡಿದುಕೊಂಡು ಕಾಲು ಬಡೀತಿರ್ತೀನಿ. ‘ಮೂಗು ಇದೆ ಅನ್ನೋದನ್ನೇ ಮರೀರಿ ಸಾರ್’ ಅನ್ನೋದು ಕೋಚ್ ಕೊಡುವ ಒಂದೇ ಸಲಹೆ. ಭಯವಾದಾಗ ನಾನು ಮಾಡುವ ಕೆಲಸವೂ ಒಂದೇ, ಓದೋದು. ಈ ಕೊಳವೆ ಎಲ್ಲಿಂದ ಬಂತು, ಇದನ್ನು ನಂಬಿ ಮೊದಲು ನೀರಿಗಿಳಿದವರು ಯಾರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಆನೆ.

ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಅರಿಸ್ಟಾಟಲ್ ಪ್ರಾಣಿಗಳ ಅಂಗಾಂಗಗಳ ಬಗ್ಗೆ ಬರೆದ ಪುಸ್ತಕದಲ್ಲಿ ಆನೆಯ ಸೊಂಡಿಲನ್ನು ವಿವರಿಸೋಕೆ ಒಂದು ಹೋಲಿಕೆ ಕೊಡುತ್ತಾನೆ. ಮುಳುಗುಗಾರರು ನೀರಿನ ಮೇಲಿಂದ ಗಾಳಿ ಎಳೆದುಕೊಳ್ಳುವ ಸಾಧನ ಇಟ್ಟುಕೊಂಡು ತುಂಬಾ ಹೊತ್ತು ಸಮುದ್ರದೊಳಗೆ ಇರುತ್ತಾರಲ್ಲ, ಪ್ರಕೃತಿ ಆನೆಗೆ ಉದ್ದ ಮೂಗು ಕೊಟ್ಟಿರುವುದೂ ಹಾಗೆಯೇ ಅನ್ನೋದು ಅವನ ವಾದ. ಗಮನಿಸಿ, ಅವನ ಓದುಗರಿಗೆ ಅಪರೂಪವಾಗಿದ್ದದ್ದು ಆನೆ. ಕೊಳವೆ ಗೊತ್ತಿದ್ದ ವಸ್ತು. ಅಂದ್ರೆ ನಾನು ಆನ್‌ಲೈನಿನಲ್ಲಿ ತರಿಸಿಕೊಂಡ ಈ ಪ್ಲಾಸ್ಟಿಕ್ ಪೈಪಿನ ವಂಶಕ್ಕೆ ಏನಿಲ್ಲವೆಂದರೂ 2300 ವರ್ಷ ವಯಸ್ಸು. ಹೆಸರು ಮಾತ್ರ ಹೊಸದು, ಅದೂ ಯುದ್ಧದ್ದು: ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಕೊಂಡೇ ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆಯಲು ಮೇಲಕ್ಕೆ ಚಾಚುತ್ತಿದ್ದ ಕೊಳವೆಗೆ ‘ಶ್ನಾರ್ಖೆಲ್’ ಅನ್ನುತ್ತಿದ್ದರು.

ಬಕೆಟ್ಟಿನ ಮುಂದೆ ಕೂತವನಿಗೆ ಬರುವ ಮೊದಲ ಪ್ರಶ್ನೆ, ಕೊಳವೆ ಯಾಕೆ ಇಷ್ಟು ಗಿಡ್ಡ? ನಾಲ್ಕು ಅಡಿ ಉದ್ದ ಮಾಡಿದ್ರೆ ಹವಳದ ಹತ್ತಿರವೇ ಹೋಗಬಹುದಿತ್ತಲ್ಲ? ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂನಷ್ಟು ಹೆಚ್ಚಿಗೆ ಒತ್ತುತ್ತದೆ. ಎದೆಯ ಮುಂಭಾಗ ಸಾವಿರ ಚದರ ಸೆಂಟಿಮೀಟರ್ ಅಂದುಕೊಂಡರೂ 100 ಕೆಜಿ ಆಯ್ತು. ಅಂದ್ರೆ ಎದೆಯ ಮೇಲೆ ಎರಡು ಸಿಮೆಂಟ್ ಮೂಟೆ. ಕೊಳವೆಯಲ್ಲಿರುವುದು ಮೇಲಿನ ಗಾಳಿ, ಅದಕ್ಕೆ ಆ ಒತ್ತಡವಿಲ್ಲ. ಮೂಟೆಗಳನ್ನು ನಮ್ಮ ಪಕ್ಕೆಲುಬಿನ ಸ್ನಾಯುಗಳೇ ಎತ್ತಬೇಕು, ಪ್ರತಿ ಉಸಿರಿಗೂ. ಸಾಲದ್ದಕ್ಕೆ ಕೊಳವೆ ಉದ್ದವಾದಷ್ಟೂ ನಾವು ಬಿಟ್ಟ ಉಸಿರೇ ಅದರೊಳಗೆ ಉಳಿದು ವಾಪಸ್ ಬರುತ್ತದೆ. ಹಾಗಾಗಿ ಪೈಪು ಒಂದೂಕಾಲು ಅಡಿ ಆಸುಪಾಸಿಗೇ ನಿಂತುಬಿಟ್ಟಿದೆ.

ಹಾಗಾದ್ರೆ ಆನೆ? ಅದು ಈಜುವಾಗ ಎದೆ ನೀರಿನಿಂದ ಎರಡು ಮೀಟರ್ ಕೆಳಗಿರಬಹುದು, ಮೇಲೆ ಕಾಣೋದು ಸೊಂಡಿಲಿನ ತುದಿ ಮಾತ್ರ. ನಮ್ಮ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಎರಡು ತೆಳು ಪೊರೆಗಳಿವೆ, ನಡುವೆ ಚೂರು ದ್ರವ. ಅಷ್ಟು ಆಳದಲ್ಲಿ ಕೊಳವೆಯಿಂದ ಉಸಿರೆಳೆದರೆ ಆ ಪೊರೆಯ ಸಣ್ಣ ರಕ್ತನಾಳಗಳು ಒಡೆದೇ ಹೋಗಬಹುದು. ಆನೆಗೆ ಆ ಜಾಗವೇ ಖಾಲಿ ಇಲ್ಲ. ಸಡಿಲವಾದ ಅಂಗಾಂಶ ತುಂಬಿಕೊಂಡಿದೆ. ಯಾಕಿರಬಹುದು ಎನ್ನುವುದಕ್ಕೆ ಉತ್ತರ ಕೊಟ್ಟವರು ಜಾನ್ ವೆಸ್ಟ್. ತಮಾಷೆ ಅಂದ್ರೆ ಅವರು ಹೆಸರು ಮಾಡಿದ್ದು ಎವರೆಸ್ಟ್ ಎತ್ತರದ ಉಸಿರಾಟದ ಅಧ್ಯಯನಕ್ಕೆ. 2002ರ ಸುಮಾರಿಗೆ ಅವರು ಬರೆದದ್ದು ಇಷ್ಟು: ಆನೆ ಸ್ನಾರ್ಕ್‌ಲಿಂಗ್ ಮಾಡುತ್ತದೆ, ಅದಕ್ಕೇ ಅದರ ಎದೆ ಹಾಗಿದೆ. ನಂಗಂತೂ ಇದು ಓದಿ ಒಂದು ಥರ ಸಮಾಧಾನವಾಯ್ತು. ನನ್ನ ಭಯ ಹೇಡಿತನವಲ್ಲ, ನನ್ನ ಎದೆಯ ವಿನ್ಯಾಸವೇ ಬೇರೆ!

ಆದರೆ ಅಂಡಮಾನಿನ ಆನೆಗಳು ಖುಷಿಗೆ ಈಜಿದವಲ್ಲ. ಆ ದ್ವೀಪಗಳಲ್ಲಿ ಆನೆ ಹುಟ್ಟಿನಿಂದ ಇದ್ದ ಪ್ರಾಣಿಯೇ ಅಲ್ಲ. 1883ರಲ್ಲಿ ಪೋರ್ಟ್ ಬ್ಲೇರಿನ ಪಕ್ಕ ಚಾಥಮ್ ಸಾಮಿಲ್ ಶುರುವಾಯ್ತು. ದಟ್ಟ ಕಾಡಿನಿಂದ ದಿಮ್ಮಿಗಳನ್ನು ತೀರಕ್ಕೆ ಎಳೆಯಬೇಕಿತ್ತು. ಅದಕ್ಕೇ ಹಡಗಿನಲ್ಲಿ ಆನೆಗಳನ್ನು ತಂದರು. ಒಂದು ದ್ವೀಪದ ಕೆಲಸ ಮುಗಿದರೆ ಮುಂದಿನ ದ್ವೀಪಕ್ಕೆ ಸಮುದ್ರ ಈಜಿಸಿಕೊಂಡೇ ದಾಟಿಸಿದ್ದೂ ಇದೆ. ಇಂಟರ್‌ವ್ಯೂ ದ್ವೀಪದಲ್ಲಿ ಮರ ಕಡಿಯುತ್ತಿದ್ದ ಕಂಪನಿ 1962ರಲ್ಲಿ ಮುಳುಗಿದಾಗ ಸುಮಾರು 40 ಆನೆಗಳನ್ನು ಅಲ್ಲೇ ಬಿಟ್ಟು ಹೋಯಿತು. ಲೇಆಫ್ ಅಂದ್ರೆ ಇದು ನೋಡಿ, ನೋಟಿಸ್ ಪೀರಿಯಡ್ಡೂ ಇಲ್ಲ. ಅವು ಕಾಡಾನೆಗಳಾಗಿಬಿಟ್ಟವು. ನಾವು ಮುಖ ಮುಳುಗಿಸಲಿರುವ ಎಲಿಫೆಂಟ್ ಬೀಚಿಗೆ ಆ ಹೆಸರು ಬಂದದ್ದೂ ದಿಮ್ಮಿ ಎಳೆಯುತ್ತಿದ್ದ ಆನೆಗಳಿಂದ.

ಈ ಪೈಕಿ ಕೊನೆಯವನು ರಾಜನ್. 1970ರ ದಶಕದಲ್ಲಿ ಅಂಡಮಾನಿಗೆ ಬಂದ ಗಂಡಾನೆ. 2002ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಮರ ಕಡಿತಕ್ಕೆ ಕಡಿವಾಣ ಹಾಕಿದ ಮೇಲೆ ಅವನಿಗೆ ಕೆಲಸವಿರಲಿಲ್ಲ. ಹ್ಯಾವ್‌ಲಾಕಿನಲ್ಲಿ ಉಳಿದ. ಅವನು ಈಜುವುದನ್ನು ಕ್ಯಾಮೆರಾದಲ್ಲಿ ಹಿಡಿಯಲು ಜಗತ್ತಿನ ಎಲ್ಲೆಲ್ಲಿಂದಲೋ ಜನ ಬಂದರು. 2006ರ ‘ದಿ ಫಾಲ್’ ಸಿನಿಮಾದಲ್ಲೂ ಅವನಿದ್ದಾನೆ. ಆ ಫೋಟೋಗಳನ್ನು ನೀವೂ ನೋಡಿರ್ತೀರಿ: ನೀಲಿ ನೀರು, ಕೆಳಗೆ ನಾಲ್ಕು ಕಂಬದಂಥ ಕಾಲು, ಮೇಲೆ ಎತ್ತಿದ ಸೊಂಡಿಲು. ಎಷ್ಟು ಹಗುರಾಗಿ ಕಾಣುತ್ತಾನೆ ಅಂದ್ರೆ ಅವನು ಆ ಈಜಿಗೆ ಯಾವ ಕೆಲಸದಿಂದ ಬಂದ ಅನ್ನೋದು ನೆನಪಾಗೋದೇ ಇಲ್ಲ.

ರಾಜನ್‌ಗೆ ಸೊಂಡಿಲಾದ್ರೂ ಇತ್ತು. ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವಿನ ಮನ್ನಾರ್ ಕೊಲ್ಲಿಯಲ್ಲಿ ಶತಮಾನಗಳ ಕಾಲ ಮುತ್ತು ತೆಗೆದವರಿಗೆ ಕೊಳವೆಯೂ ಇರಲಿಲ್ಲ, ಕನ್ನಡಕವೂ ಇರಲಿಲ್ಲ. ಹಗ್ಗಕ್ಕೆ ಕಟ್ಟಿದ ಕಲ್ಲಿನ ಭಾರದಲ್ಲಿ ಇಳಿಯೋದು, ಹೆಚ್ಚೆಂದರೆ ಒಂದು ನಿಮಿಷದ ಉಸಿರಿನಲ್ಲಿ ಸಿಕ್ಕಷ್ಟು ಚಿಪ್ಪು ಬಾಚೋದು, ಹಗ್ಗ ಎಳೆದರೆ ದೋಣಿಯಲ್ಲಿದ್ದವನು ಮೇಲಕ್ಕೆತ್ತೋದು. 13ನೇ ಶತಮಾನದ ಕೊನೆಗೆ ಆ ದಾರಿಯಾಗಿ ಹೋದ ಮಾರ್ಕೋ ಪೋಲೋ ಒಂದು ಸ್ವಾರಸ್ಯ ಬರೆದಿದ್ದಾನೆ. ದೊಡ್ಡ ಮೀನುಗಳು ಮುಳುಗುಗಾರರನ್ನು ಕಚ್ಚದಂತೆ ಮಂತ್ರ ಹಾಕುವವರಿದ್ದರಂತೆ, ಅವರಿಗೆ ಸಿಕ್ಕಿದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲು. ಮಂತ್ರ ಹಗಲಿಗೆ ಮಾತ್ರ. ಸಂಜೆಯಾದರೆ ಬಿಚ್ಚಿಬಿಡುತ್ತಿದ್ದರು, ರಾತ್ರಿ ಕಳ್ಳರು ಇಳಿಯಬಾರದಲ್ಲ! ನಾನು ಮೊನ್ನೆ ಟೂರಿನವರಿಗೆ ಸಹಿ ಹಾಕಿ ಕಳಿಸಿದ ಫಾರ್ಮು ನೆನಪಾಯ್ತು. ಏನೇ ಆದರೂ ನಾವು ಹೊಣೆಯಲ್ಲ ಅನ್ನುವ ಹನ್ನೊಂದು ಷರತ್ತುಗಳಿದ್ದವು. ಮಂತ್ರವೇ ವಾಸಿ.

ಒಂದು ನಿಮಿಷದ ಉಸಿರಿನ ಬಗ್ಗೆ ಓದುತ್ತಿದ್ದಾಗಲೇ ಆಲ್ಬರ್ಟ್ ಕ್ರೇಗ್ ಸಿಕ್ಕಿದ್ದು. ಈ ಅಮೆರಿಕನ್ ಶರೀರಶಾಸ್ತ್ರಜ್ಞ 1961ರಲ್ಲಿ ಒಂದು ವಿಚಿತ್ರವನ್ನು ಬಿಡಿಸಿಟ್ಟರು: ಚೆನ್ನಾಗಿ ಈಜು ಬರುವವರೇ ಯಾಕೆ ಸದ್ದಿಲ್ಲದೆ ಮುಳುಗಿಹೋಗುತ್ತಾರೆ? ಮುಳುಗುವ ಮುಂಚೆ ಜೋರುಜೋರಾಗಿ ಹತ್ತಾರು ಸಲ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕವೇನೂ ಅಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಹೋಗುತ್ತದೆ. ‘ಉಸಿರು ತಗೋ’ ಅಂತ ನಮ್ಮನ್ನು ಒದ್ದೆಬ್ಬಿಸುವುದು ಅದೇ. ಆ ಗಂಟೆ ಹೊಡೆಯುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ.

ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ. ಅಣ್ಣ ಹೋದ ದಿನ ಕೆರೆಯಲ್ಲಿ ಹುಡುಗರು ಪಂಥ ಕಟ್ಟಿದ್ದರು, ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅಂತ. ಅವನು ಗೆಲ್ತಿದ್ದಾನೆ ಅಂದುಕೊಂಡು ಉಳಿದವರು ದಡದಲ್ಲಿ ಎಣಿಸುತ್ತಾ ನಿಂತಿದ್ದರಂತೆ. ಆಗಿದ್ದು ಇದೇ ಅಂತ ನಾನು ಹೇಳಲಾರೆ. ಆದರೆ ಕೆರೆಯಮ್ಮ ಕರೆದುಕೊಂಡಳು, ಹಣೆಬರಹ, ಅಂತ ಇಪ್ಪತ್ತೈದು ವರ್ಷ ಕೇಳಿದವನಿಗೆ ಅದಕ್ಕೊಂದು ಕಾರಣ ಇರಬಹುದು ಅಂತ ಗೊತ್ತಾಗಿದ್ದು ಅವತ್ತೇ.

ಉಳಿದ ತಯಾರಿ ಬೇಗ ಹೇಳಿಬಿಡ್ತೀನಿ. ಮಾಸ್ಕಿನೊಳಗೆ ಮೂಗೂ ಇರಬೇಕು, ಬರೀ ಈಜು ಕನ್ನಡಕ ಸಾಲದು. ಆಳಕ್ಕೆ ಹೋದಂತೆ ಅದು ಕಣ್ಣನ್ನು ಹೀರುತ್ತದೆ, ಮೂಗಿನಿಂದ ಗಾಳಿ ಬಿಟ್ಟು ಸರಿದೂಗಿಸೋಕಾಗಲ್ಲ. 1938ರಲ್ಲಿ ಈ ಹವ್ಯಾಸದ ಬಗ್ಗೆ ಮೊದಮೊದಲ ಪುಸ್ತಕ ಬರೆದ ಗೈ ಗಿಲ್‌ಪ್ಯಾಟ್ರಿಕ್ ವಿಮಾನ ಹಾರಿಸುವವರ ಕನ್ನಡಕದ ತೂತುಗಳಿಗೆ ಪುಟ್ಟಿ ಮೆತ್ತಿಕೊಂಡು ಫ್ರಾನ್ಸಿನ ಕಡಲಿಗೆ ಇಳಿದಿದ್ದ, ಪಾಪ. ಗಾಜು ಮಂಜಾಗದಿರಲು ಒಳಗೆ ಉಗುಳಿ ಉಜ್ಜಬೇಕು. ಅಸಹ್ಯ ಅನ್ನಿಸಿದರೂ ಕೆಲಸ ಮಾಡುತ್ತೆ. ಹವಳದ ಮೇಲೆ ಕಾಲಿಡಬಾರದು, ತುಂಡನ್ನು ಮನೆಗೆ ತರೋದು ಅಪರಾಧ. ಮತ್ತೆ ನಾನು ಲೈಫ್ ಜಾಕೆಟ್ ಬಿಚ್ಚೋದಿಲ್ಲ, ಯಾರು ಎಷ್ಟೇ ನಕ್ಕರೂ.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಈಜುಕೊಳ, ಕೊಳವೆ, ಅಣ್ಣನ ವಿಷಯ, ಕೊನೆಗೆ ರಾಜನ್ ಕಥೆ. ಬೈಗುಳಕ್ಕೆ ರೆಡಿಯಾಗಿದ್ದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

‘ಆ ಆನೆ ಈಗೆಲ್ಲಿದೆ?’

‘ಹೋಯ್ತಮ್ಮ, 2016ರಲ್ಲಿ.’

‘ನೀರಲ್ಲಾ?’

‘ಅಲ್ಲಮ್ಮ, ನೆಲದ ಮೇಲೇ. ವಯಸ್ಸಾಗಿತ್ತು.’

‘ಹ್ಞೂಂ’ ಅಂದಳು. ಆಮೇಲೆ, ‘ನಿಮ್ಮ ದೊಡ್ಡಮ್ಮನಿಗೆ ಇದನ್ನ ನೀನೇ ಬಂದು ಹೇಳು, ನಂಗೆ ಹೇಳೋಕೆ ಬರಲ್ಲ. ಹೋಗೋಕ್ ಮುಂಚೆ ಒಂದ್ಸಲ ಊರಿಗ್ ಬಂದ್ ಹೋಗು.’