ರಕ್ಷಣೆ ಹೊಂದಿದ್ದೀರಾ?

ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ಆರಕ್ಷಕ, ದೆಹಲಿಯಲ್ಲಿ ರಕ್ಷಣಾ ಸಚಿವ, ಹೋಮ ಮುಗಿದ ಮೇಲೆ ಹಣೆಗಿಡುವ ರಕ್ಷೆ, ದೇವಸ್ಥಾನದ ಬಾಗಿಲಲ್ಲಿ ಬಿಟ್ಟು ಹೋಗುವ ಪಾದರಕ್ಷೆ. ಕಾಪಾಡುವ ಕೆಲಸಕ್ಕೆ ಕನ್ನಡದಲ್ಲಿ ಇಷ್ಟೊಂದು ಜನ, ಇಷ್ಟೊಂದು ವಸ್ತು ನೇಮಕವಾಗಿವೆ. ಚರ್ಚಿನ ಕನ್ನಡದಲ್ಲಿ ಮಾತ್ರ ಇದೇ ಪದದ ತೂಕ ಬೇರೆ. ‘ನೀವು ರಕ್ಷಣೆ ಹೊಂದಿದ್ದೀರಾ?’ ಎಂದು ಸಭಾಪಾಲಕರೋ ಬಸ್ಸಿನಲ್ಲಿ ಪಕ್ಕ ಕೂತ ಉತ್ಸಾಹಿ ವಿಶ್ವಾಸಿಯೋ ಕೇಳಿದರೆ ಹೊರಗಿನ ಕನ್ನಡಿಗ ತಬ್ಬಿಬ್ಬಾಗುತ್ತಾನೆ. ಯಾರಿಂದ ರಕ್ಷಣೆ? ನನಗೆ ಬಂದಿದ್ದ ಅಪಾಯವಾದರೂ ಯಾವುದು?

ಇದೇನೂ ಪೆದ್ದು ಪ್ರಶ್ನೆಯಲ್ಲ. ಪಾಪದಿಂದ, ಮರಣದಿಂದ, ಯೇಸುವಿನ ಶಿಲುಬೆ ಮತ್ತು ಪುನರುತ್ಥಾನದ ಮೂಲಕ ಎಂಬುದು ಬೋಧನೆಯ ಉತ್ತರ. ಉತ್ತರ ಸರಿಯೇ. ಆದರೆ ಅಷ್ಟು ಬೇಗ ಹೇಳಿ ಮುಗಿಸಿದರೆ ಪದದ ಬಾಳು ಕಣ್ಣಿಗೆ ಬೀಳುವುದಿಲ್ಲ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಕೆಲಸಕ್ಕೆ ಕೈಹಾಕಿದರು. ಈ ಅರ್ಥಕ್ಕೆ ಸಿದ್ಧವಾಗಿದ್ದ ಪದಗಳು ಆಗಲೇ ಮನೆಯಲ್ಲಿದ್ದವು: ಮೋಕ್ಷ, ಮುಕ್ತಿ. ಕೊನೆಗೆ ಸತ್ಯವೇದದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ರಕ್ಷಣೆ. ನನಗೆ ಇದು ಒಳ್ಳೆಯದಾಯಿತು ಅನ್ನಿಸುತ್ತದೆ. ಮೋಕ್ಷ ಎಂದೊಡನೆ ಹುಟ್ಟುಸಾವಿನ ಚಕ್ರ ಕಣ್ಣಮುಂದೆ ಬರುತ್ತದೆ, ದೇಹ ಕಳಚಿ ಹೋಗುವುದು ನೆನಪಾಗುತ್ತದೆ. ಕ್ರೈಸ್ತರ ವಿಶ್ವಾಸಪ್ರಮಾಣವಾದರೋ ದೇಹದ ಪುನರುತ್ಥಾನವನ್ನೇ ಎದುರುನೋಡುತ್ತದೆ, ಮೈಯನ್ನು ಬಿಟ್ಟು ಓಡುವುದಿಲ್ಲ. ಇನ್ನೊಂದು ಮಾತು: ರಕ್ಷಣೆಗೆ ಇನ್ನೊಬ್ಬರು ಬೇಕು. ಬಾವಿಗೆ ಬಿದ್ದವನು ತನ್ನ ಜುಟ್ಟು ತಾನೇ ಹಿಡಿದು ಮೇಲೆ ಬರಲಾರ.

ಮುಕ್ತಿ ಎಂಬ ಪದವನ್ನೂ ನೆಲಕ್ಕಿಳಿಸಿದವರಿದ್ದಾರೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಸಂಸ್ಕೃತ ವಿದ್ವಾಂಸೆ, ಮುಂದೆ ಕ್ರೈಸ್ತಳಾದವಳು. ಪುಣೆ ಸಮೀಪದ ಕೇಡಗಾಂವಿನಲ್ಲಿ ಆಕೆ ಕಟ್ಟಿದ ಆಶ್ರಮಕ್ಕೆ ಇಟ್ಟ ಹೆಸರು ‘ಮುಕ್ತಿ’. ಬರಗಾಲದಲ್ಲಿ ದಿಕ್ಕಿಲ್ಲದವರಾದ ಹುಡುಗಿಯರು, ಬಾಲವಿಧವೆಯರು ಅಲ್ಲಿ ಉಂಡರು, ಓದಿದರು, ಕೈಕೆಲಸ ಕಲಿತರು. ಮುಕ್ತಿ ಎಂದರೇನು ಎಂದು ಅವರಲ್ಲಿ ಯಾರನ್ನಾದರೂ ಕೇಳಿದ್ದರೆ ಉತ್ತರ ಪರಲೋಕದಿಂದ ಶುರುವಾಗುತ್ತಿರಲಿಲ್ಲ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ಈ ಪದ ನೆಲದ್ದೇ. ಅಲ್ಲಿ ‘ಸೋತೇರ್’ ಎಂದರೆ ರಕ್ಷಕ. ಈಜಿಪ್ಟನ್ನು ಆಳಿದ ಮೊದಲನೆಯ ಟಾಲೆಮಿಗೆ ಅದೊಂದು ಬಿರುದು. ಏಷ್ಯಾ ಮೈನರಿನ ಪ್ರಿಯೇನೆ ಪಟ್ಟಣದ, ಕ್ರಿ.ಪೂ. 9ರ ಶಾಸನವೊಂದು ಅಗಸ್ಟಸ್ ಚಕ್ರವರ್ತಿಯನ್ನು ರಕ್ಷಕನೆಂದು ಹೊಗಳುತ್ತದೆ. ಅಂಥ ಕಾಲದಲ್ಲಿ ಬಡಗಿಯ ಮನೆಯ ಹುಡುಗನೊಬ್ಬನನ್ನು ಅದೇ ಬಿರುದಿನಿಂದ ಕರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು. ನಮ್ಮ ಕ್ರಿಸ್‌ಮಸ್ ಬ್ಯಾನರುಗಳಲ್ಲಿ ‘ಲೋಕರಕ್ಷಕ’ ಎಂದು ಓದುವಾಗ ಆ ಖಾರ ನಮ್ಮ ನಾಲಿಗೆಗೆ ತಾಕುವುದಿಲ್ಲ. ಇದೇ ಪದದ ಕ್ರಿಯಾರೂಪ ವೈದ್ಯದ ಮಾತೂ ಹೌದು. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದ ದುಡ್ಡನ್ನೆಲ್ಲ ವೈದ್ಯರಿಗೆ ಸುರಿದ ಹೆಂಗಸು ಯೇಸುವಿನ ಬಟ್ಟೆ ಮುಟ್ಟಿ ಗುಣವಾದಳಲ್ಲ, ಅಲ್ಲಿ ಸುವಾರ್ತೆ ಬರೆದ ಮಾರ್ಕ ಬಳಸುವುದು ಅದನ್ನೇ. ವಾಸಿಯಾದಳು, ರಕ್ಷಣೆ ಹೊಂದಿದಳು: ಗ್ರೀಕಿಗೆ ಎರಡೂ ಒಂದೇ ಮಾತು.

ಬೈಬಲಿನ ಜನರಲ್ಲಿ ನನಗೆ ತುಂಬ ಪ್ರಿಯನಾದವನು ಫಿಲಿಪ್ಪಿ ಊರಿನ ಸೆರೆಮನೆಯ ಯಜಮಾನ. ಆ ಊರಿನ ಆರಕ್ಷಕ ಅನ್ನಿ. ಯೇಸುವನ್ನು ಸಾರುತ್ತಿದ್ದ ಪೌಲ, ಸೀಲ ಎಂಬಿಬ್ಬರನ್ನು ಹೊಡೆಸಿ ಅವನ ವಶಕ್ಕೆ ಕೊಟ್ಟಿದ್ದಾರೆ. ಅವನು ಒಳಕೋಣೆಗೆ ತಳ್ಳಿ, ಕಾಲಿಗೆ ಕೋಳ ಹಾಕಿ, ನಿದ್ದೆಹೋಗಿದ್ದಾನೆ. ನಡುರಾತ್ರಿ ಭೂಕಂಪ. ಎದ್ದು ನೋಡಿದರೆ ಬಾಗಿಲುಗಳೆಲ್ಲ ತೆರೆದಿವೆ. ಕೈದಿಗಳು ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುವ ಕಾಲ ಅದು. ಕತ್ತಿ ಹಿರಿದು ತನ್ನ ಜೀವ ತಾನೇ ತೆಗೆದುಕೊಳ್ಳಹೊರಟಾಗ ಕತ್ತಲೊಳಗಿಂದ ಪೌಲ ಕೂಗುತ್ತಾನೆ: ಬೇಡ, ನಾವೆಲ್ಲ ಇಲ್ಲೇ ಇದ್ದೇವೆ. ಆಗ ಅವನು ನಡುಗುತ್ತ ಬಂದು, ರಕ್ಷಣೆ ಹೊಂದಲು ಏನು ಮಾಡಬೇಕು ಎಂದು ಕೇಳುತ್ತಾನೆ.

ಅವನು ಕೇಳಿದ್ದು ಯಾವ ರಕ್ಷಣೆಯನ್ನು? ಮೇಲಧಿಕಾರಿಗಳಿಂದಲೋ, ಭೂಮಿ ನಡುಗಿಸಿದ ದೇವರಿಂದಲೋ, ಈಗಷ್ಟೇ ಕೈಯಲ್ಲಿದ್ದ ಕತ್ತಿಯಿಂದಲೋ? ಕೇಳಿದವನಿಗೇ ಗೊತ್ತಿತ್ತೆಂದು ನಾನು ನಂಬುವುದಿಲ್ಲ. ಕರ್ತನಾದ ಯೇಸುವನ್ನು ನಂಬು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ ಎಂಬ ಉತ್ತರವನ್ನೇ ಉಪದೇಶಿಗಳು ಹಿಡಿದುಕೊಂಡಿದ್ದಾರೆ. ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲೇ ಅವನು ಕೈದಿಗಳ ಬಾಸುಂಡೆಗಳನ್ನು ತೊಳೆಯುತ್ತಾನೆ, ಮನೆಗೆ ಕರೆದು ಊಟಕ್ಕಿಡುತ್ತಾನೆ. ಕಾವಲುಗಾರನನ್ನು ಬದುಕಿಸಿದವರು ಓಡಿಹೋಗದೆ ಕೂತ ಕೈದಿಗಳು.

ಇನ್ನು ‘ಹೊಂದು’ ಎಂಬ ಕ್ರಿಯಾಪದ. ಕನ್ನಡದಲ್ಲಿ ವರ್ಗಾವಣೆ ಹೊಂದುತ್ತೇವೆ, ನಿವೃತ್ತಿ ಹೊಂದುತ್ತೇವೆ, ಮರಣವನ್ನೂ ಹೊಂದುತ್ತೇವೆ, ಬಡ್ತಿಯನ್ನೂ. ಬಡ್ತಿಗೆ ಒಂದಿಷ್ಟು ಓಡಾಟ ಇದ್ದೀತು, ಮಿಕ್ಕವೆಲ್ಲ ತಾವಾಗಿ ನಮ್ಮ ಮೇಲೆ ಬರುವಂಥವು. ಕೃಪೆಯಿಂದ ಬಂದದ್ದು, ಗಳಿಸಿದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಹೊಂದುವ ಕ್ರಿಯಾಪದ ಸಿಗಲಾರದು. ಈ ರಕ್ಷಣೆಯಲ್ಲಿ ನಂಬಿಕೆಗೆಷ್ಟು, ಕ್ರಿಯೆಗೆಷ್ಟು ಪಾಲು ಎಂದು ಲೂಥರನ ಕಾಲದಿಂದ ಕಿತ್ತಾಡಿದ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಭಿನ್ನಾಭಿಪ್ರಾಯ ಇನ್ನೂ ಉಳಿದಿದೆ, ಬಯ್ಗುಳ ಕಡಿಮೆಯಾಗಿದೆ.

ನನ್ನ ತಕರಾರು ‘ಹೊಂದಿದ್ದೀರಾ’ ಎಂಬ ಕಾಲದ ಬಗ್ಗೆ. ಕೆಲವು ಸಭೆಗಳ ಸಾಕ್ಷಿಗಳಲ್ಲಿ ತಾನು ರಕ್ಷಣೆ ಹೊಂದಿದ ತಾರೀಖನ್ನು ಜಮೀನಿನ ನೋಂದಣಿಯ ಹಾಗೆ ಹೇಳುವ ರೂಢಿಯಿದೆ. ಪೌಲನ ವ್ಯಾಕರಣ ಅಷ್ಟು ಬಿಗಿಯಲ್ಲ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ರಕ್ಷಣೆ ಆಗಿಹೋಗಿದೆ, ಅದೇ ಪತ್ರದ 5ನೇ ಅಧ್ಯಾಯದಲ್ಲಿ ಇನ್ನು ಮುಂದೆ ಆಗಬೇಕಿದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರಂಭದಲ್ಲಿ ಆಗುತ್ತಿದೆ. ಮೂರು ಕಾಲವನ್ನೂ ಬಳಸಿದವನ ಶಿಷ್ಯರು ಒಂದನ್ನೇ ಏಕೆ ಕೇಳಬೇಕು?

ಅದೇ ಪೌಲ ಕೈದಿಯಾಗಿ ರೋಮಿಗೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಒಳಗೆ 276 ಜನ. ಹದಿನಾಲ್ಕು ದಿನದಿಂದ ಸರಿಯಾಗಿ ಉಂಡವರಿಲ್ಲ. ಬೆಳಗಾಗುವ ಮುಂಚೆ ಪೌಲ ಎಲ್ಲರಿಗೂ, ಏನಾದರೂ ತಿನ್ನಿ, ಇದು ನಿಮ್ಮ ‘ಸೋತೇರಿಯ’ಕ್ಕೆ ಬೇಕು ಎನ್ನುತ್ತಾನೆ. ದೇವಶಾಸ್ತ್ರದ ದೊಡ್ಡ ಗ್ರಂಥಗಳೆಲ್ಲ ಬಿಡಿಸಹೊರಟ ಪದ ಅದೇ. ಅಲ್ಲಿ ಅದರ ಅರ್ಥ ಪ್ರಾಣ ಉಳಿಯುವುದು, ಅಷ್ಟೆ. ಕೈದಿಗಳು ಈಜಿ ತಪ್ಪಿಸಿಕೊಂಡಾರೆಂದು ಸೈನಿಕರು ಅವರನ್ನು ಕೊಲ್ಲಲು ಯೋಚಿಸಿದರು, ಪೌಲನನ್ನು ಉಳಿಸಬೇಕೆಂದಿದ್ದ ಶತಾಧಿಪತಿ ತಡೆದ. ಈಜು ಬಲ್ಲವರು ಈಜಿ, ಬಾರದವರು ಹಲಗೆ ಹಿಡಿದು, ಎಲ್ಲರೂ ಮಾಲ್ಟಾ ದ್ವೀಪದ ದಡ ಸೇರಿದರು. ಅವರಲ್ಲಿ ನಂಬಿದವರೆಷ್ಟು, ನಂಬದವರೆಷ್ಟು ಎಂದು ಈ ಕತೆ ಬರೆದ ಲೂಕ ಲೆಕ್ಕ ಇಟ್ಟಿಲ್ಲ.