‘ಎಣ್ಣಿ ಕುಡದಾನ್ರಿ’: ಮಲಪ್ರಭೆಯ ನಾಲ್ಕು ತಾಲ್ಲೂಕುಗಳಲ್ಲಿ ತುರ್ತು ವೈದ್ಯಕೀಯ ಕೆಲಸದ ಬುನಾದಿ

‘ಎಣ್ಣಿ ಕುಡದಾನ್ರಿ, ಲಗೂ ಬರ್ರಿ’ ಎಂಬ ಮಾತಿಗೆ ಬೈಲಹೊಂಗಲ ಸೀಮೆಯಲ್ಲಿ ಎರಡು ಅರ್ಥ. ಕುಡಿತ ಮಿತಿ ಮೀರಿ ಬಿದ್ದಿದ್ದಾನೆ ಎಂಬುದು ಒಂದು. ಹತ್ತಿಗೋ ಕಡಲೆಗೋ ತಂದಿಟ್ಟ ಕ್ರಿಮಿನಾಶಕ ಹೊಟ್ಟೆಗೆ ಹೋಗಿದೆ ಎಂಬುದು ಇನ್ನೊಂದು. ಇಲ್ಲಿಯ ರೈತರು ಕ್ರಿಮಿನಾಶಕ ಸಿಂಪಡಿಸುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಅವರು ‘ಎಣ್ಣಿ ಹೊಡಿತಾರ’. ಓಣಿಯವರಿಗೆ ಯಾವ ಎಣ್ಣಿ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ದೂರದ ಕೇಂದ್ರದಲ್ಲಿ ಕುಳಿತು ಕರೆ ಬರೆದುಕೊಳ್ಳುವವರಿಗೆ ಮಾತ್ರ ಅದು ಬರೀ ಪದವಾಗಿ ಕೇಳಿಸುತ್ತದೆ. ಕುಡಿದವನನ್ನು ಒಂದು ಮಗ್ಗುಲಿಗೆ ಮಲಗಿಸಿ ವಾಹನ ಬರುವತನಕ ಕಾಯಬಹುದು. ವಿಷ ಕುಡಿದವನ ಶ್ವಾಸನಾಳದಲ್ಲಿ ಅಷ್ಟರೊಳಗೆ ನೊರೆ ತುಂಬಿರುತ್ತದೆ.

ತುರ್ತು ವೈದ್ಯಕೀಯ ತಂತ್ರಜ್ಞರ, ಅಂದರೆ ಎಲ್ಲರ ಬಾಯಲ್ಲಿ ‘ಇಎಂಟಿ’ ಆಗಿರುವವರ ಕೆಲಸದ ಬುನಾದಿಯನ್ನು ಪಠ್ಯಪುಸ್ತಕಗಳು ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಎಂಬ ಕ್ರಮದಲ್ಲಿ ಕಲಿಸುತ್ತವೆ. ಆ ಕ್ರಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೂ ಮೊದಲೇ ದೂರ ಮತ್ತು ಮಾತು ಬಂದು ನಿಲ್ಲುತ್ತವೆ. ಇವನ್ನು ಸ್ಥಳೀಯ ಅಡಚಣೆಗಳೆಂದು ಬದಿಗಿಡದೆ, ನಾಡಿ ನೋಡುವಷ್ಟೇ ಮುಖ್ಯವಾದ ವೈದ್ಯಕೀಯ ಕೌಶಲಗಳೆಂದು ಎಣಿಸಬೇಕು ಎಂಬುದು ಈ ಲೇಖನದ ವಾದ.

ವೃತ್ತಿಯ ಹಿನ್ನೆಲೆ

ಕರ್ನಾಟಕದಲ್ಲಿ ‘ಆರೋಗ್ಯ ಕವಚ 108’ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಮೂರು ವರ್ಷ ಮೊದಲು ಹೈದರಾಬಾದಿನಲ್ಲಿ ಹುಟ್ಟಿದ ಇಎಂಆರ್‌ಐ ಸಂಸ್ಥೆಯ ಮಾದರಿಯನ್ನು ರಾಜ್ಯ ಸರ್ಕಾರ ಖಾಸಗಿ ಸಹಭಾಗಿತ್ವದಲ್ಲಿ ತಂದಿತು. ಅದಕ್ಕೂ ಮೊದಲು ಹಳ್ಳಿಯ ರೋಗಿಗೆ ಟ್ರ್ಯಾಕ್ಸು, ಟಂಟಂ, ಹೊಲದ ಟ್ರ್ಯಾಕ್ಟರು, ಇನ್ನೂ ಹಿಂದೆ ಚಕ್ಕಡಿ ಗತಿಯಾಗಿದ್ದವು. ಬಾಡಿಗೆ ಆಂಬುಲೆನ್ಸಿನಲ್ಲೂ ಚಾಲಕನ ಹೊರತು ರೋಗಿಯ ಪಕ್ಕದಲ್ಲಿ ಕೂರಲು ಬಲ್ಲವರು ಇರುತ್ತಿರಲಿಲ್ಲ. 108 ಮಾಡಿದ ಮುಖ್ಯ ಬದಲಾವಣೆಯನ್ನು ನಾನು ಗುರುತಿಸುವುದು ಆ ಹಿಂಬದಿಯ ಸೀಟಿನಲ್ಲಿ. ಮುಂದೆ ಚಾಲಕ ‘ಪೈಲಟ್’ ಆದರು. ಹಿಂದೆ ಇಎಂಟಿ ಬಂದು ಕುಳಿತರು. ನಮ್ಮ ರಾಜ್ಯದಲ್ಲಿ ಹಾಗೆ ಕುಳಿತವರಲ್ಲಿ ಬಹಳ ಮಂದಿ ನರ್ಸಿಂಗ್ ಓದಿದವರು.

ಈ ವೃತ್ತಿಯ ಜಾಗತಿಕ ಚರಿತ್ರೆಯಲ್ಲಿ ನಮಗೆ ಹತ್ತಿರವಾದ ಅಧ್ಯಾಯ ಅಮೆರಿಕದ ಪಿಟ್ಸ್‌ಬರ್ಗ್ ನಗರದ್ದು. 1967ರಲ್ಲಿ ಅಲ್ಲಿಯ ಕಪ್ಪು ಜನರ ಬಡಾವಣೆಯಲ್ಲಿ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆ ಆರಂಭವಾಯಿತು. ಅದೇ ಬಡಾವಣೆಯ ನಿರುದ್ಯೋಗಿಗಳನ್ನು ಆರಿಸಿ, ಕೃತಕ ಉಸಿರಾಟದ ಸಂಶೋಧನೆಗೆ ಹೆಸರಾದ ಪೀಟರ್ ಸಾಫರ್ ಅವರ ಮಾರ್ಗದರ್ಶನದಲ್ಲಿ ತರಬೇತಿ ಕೊಡಲಾಯಿತು. ಮುಂದೆ ಅದರ ವೈದ್ಯಕೀಯ ನಿರ್ದೇಶಕಿಯಾದ ನ್ಯಾನ್ಸಿ ಕ್ಯಾರೊಲಿನ್ ಈ ವೃತ್ತಿಯ ಮೊದಲ ದೊಡ್ಡ ಪಠ್ಯವನ್ನೇ ಬರೆದರು. ಆ ಓಣಿಗಳ ಮಾತು ಬಲ್ಲವರೇ ರೋಗಿಯ ಬಳಿ ಹೋದರು ಎಂಬ ಸಂಗತಿಯನ್ನು ಚರಿತ್ರೆಕಾರರು ಸಾಮಾಜಿಕ ನ್ಯಾಯದ ಭಾಗವಾಗಿ ಓದುತ್ತಾರೆ. ಅದು ವೈದ್ಯಕೀಯ ಅನುಕೂಲವೂ ಆಗಿತ್ತು ಎಂಬುದು ನನ್ನ ಓದು.

ಭಾರತದಲ್ಲಿ ಈ ವೃತ್ತಿಗೆ ಕಾನೂನಿನ ಗುರುತು ಸಿಕ್ಕಿದ್ದು ತೀರ ಈಚೆಗೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿ ತುರ್ತು ವೈದ್ಯಕೀಯ ಸಿಬ್ಬಂದಿಯನ್ನೂ ಹೆಸರಿಸುತ್ತದೆ. ವಾಹನಕ್ಕೆ ಮಾತ್ರ ಮೊದಲೇ ವ್ಯಾಖ್ಯೆ ದಕ್ಕಿತ್ತು: ಎಐಎಸ್-125 ಮಾನದಂಡ ಆಂಬುಲೆನ್ಸುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ ಮಾಡಿ, ಮೂಲಭೂತ ಜೀವರಕ್ಷಣೆಯದನ್ನು ಸಿ, ಉನ್ನತ ಜೀವರಕ್ಷಣೆಯದನ್ನು ಡಿ ಎಂದು ಕರೆಯಿತು. ಬಂಡಿಗೆ ಮೊದಲು ವ್ಯಾಖ್ಯೆ, ಅದರಲ್ಲಿ ಕೂರುವವರಿಗೆ ಆಮೇಲೆ!

ದೂರದ ಲೆಕ್ಕ

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ‘ಸುವರ್ಣ ಗಂಟೆ’ಯನ್ನು ಗಾಯವಾದ ನಂತರದ ಒಂದು ಗಂಟೆ ಎಂದು ವಿವರಿಸಿದೆ. ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಬಳಕೆಗೆ ತಂದ ಪದವಿದು. 2001ರಲ್ಲಿ ಲರ್ನರ್ ಮತ್ತು ಮೊಸ್ಕಾಟಿ ಎಂಬ ಇಬ್ಬರು ಸಂಶೋಧಕರು ಇದರ ಮೂಲ ಹುಡುಕಿ ಹೊರಟು, ‘ಒಂದೇ ಗಂಟೆ’ ಎಂಬುದಕ್ಕೆ ಗಟ್ಟಿಯಾದ ಆಧಾರ ಕಾಣಲಿಲ್ಲ. ಬೇಗ ತಲುಪಿದಷ್ಟೂ ಒಳ್ಳೆಯದು ಎಂಬುದು ನಿಜ. ಅರವತ್ತನೆಯ ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ ಎಂಬುದು ನಿಜವಲ್ಲ. ರಾಮದುರ್ಗದ ಇಎಂಟಿಗೆ ಇದು ಗ್ರಂಥಾಲಯದ ಚರ್ಚೆಯಲ್ಲ. ಅಲ್ಲಿಂದ ಬೆಳಗಾವಿ ಸುಮಾರು 100 ಕಿ.ಮೀ. ಕರೆ ಬಂದು, ವಾಹನ ಹೊರಟು, ಹಳ್ಳಿ ಮುಟ್ಟಿ, ರೋಗಿಯನ್ನು ಏರಿಸುವಷ್ಟರಲ್ಲೇ ಕಾನೂನಿನ ಗಂಟೆಯ ದೊಡ್ಡ ಪಾಲು ಕರಗಿರುತ್ತದೆ.

ಆಮ್ಲಜನಕದ ಲೆಕ್ಕವನ್ನೇ ನೋಡೋಣ. ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ 100 ನಿಮಿಷ ಬರುತ್ತದೆ. ಗಂಟೆಗೆ ಸರಾಸರಿ 50 ಕಿ.ಮೀ. ಓಡಿದರೂ ರಾಮದುರ್ಗದಿಂದ ಬೆಳಗಾವಿಗೆ 120 ನಿಮಿಷ. ಯರಗಟ್ಟಿ ದಾಟಿ ಇನ್ನೂ ದಾರಿ ಉಳಿದಿರುವಾಗ ತುಂಬಿದ ಸಿಲಿಂಡರೂ ಬರಿದಾಗುತ್ತದೆ. ಗೇಜಿನ ಮುಳ್ಳು ಅರ್ಧಕ್ಕಿದ್ದರೆ 50 ನಿಮಿಷವಷ್ಟೇ. ಪಾಳಿ ಬದಲಾಗುವಾಗ ಹೊಸದಾಗಿ ಬಂದವರು ಔಷಧದ ಪೆಟ್ಟಿಗೆಗಿಂತ ಮೊದಲು ಆ ಮುಳ್ಳನ್ನು ನೋಡುವುದು ಈ ಭಾಗಾಕಾರ ಗೊತ್ತಿರುವುದರಿಂದ.

ಹೀಗಿರುವಾಗ ಎಲ್ಲಿಗೆ ಒಯ್ಯಬೇಕು ಎಂಬುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಹಾವು ಕಚ್ಚಿದವರಿಗೆ ಬೇಕಾದದ್ದು ವಿಷನಿರೋಧಕ ಚುಚ್ಚುಮದ್ದು. ಅದು ಇರುವ ಅತಿ ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ. ಎದೆನೋವಿಗೂ ಬಹುಮಟ್ಟಿಗೆ ಹಾಗೆಯೇ. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡಿದೆ. ತಲೆಗೆ ಪೆಟ್ಟು ಬಿದ್ದವರ ಲೆಕ್ಕ ತಿರುಗುಮುರುಗು: ನರಶಸ್ತ್ರಚಿಕಿತ್ಸೆ ಇಲ್ಲದ ಆಸ್ಪತ್ರೆಯಲ್ಲಿ ಕಳೆದ ಅರ್ಧ ಗಂಟೆ ಅವರಿಗೆ ನಷ್ಟ. ಕಿತ್ತೂರಿನ ಪಕ್ಕದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾದಿದೆ. ಕಬ್ಬು ಕಡಿಯುವ ಕಾಲಕ್ಕೆ ಎಂ.ಕೆ. ಹುಬ್ಬಳ್ಳಿಯ ಆಸುಪಾಸು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹಿಂದಿನ ದೀಪವಿಲ್ಲದೆ ಅದೇ ರಸ್ತೆಗೆ ಬರುತ್ತವೆ. ಅಲ್ಲಿ ಗಾಯಗೊಂಡವರಿಗೆ ಧಾರವಾಡ–ಹುಬ್ಬಳ್ಳಿಯ ದಿಕ್ಕೋ ಬೆಳಗಾವಿಯ ದಿಕ್ಕೋ ಎಂಬುದನ್ನು ಜಿಲ್ಲೆಯ ಗಡಿ ನೋಡಿ ತೀರ್ಮಾನಿಸಿದರೆ ತಪ್ಪಾಗುತ್ತದೆ.

ಮನೆಯವರ ಒತ್ತಾಯ ಸಾಮಾನ್ಯವಾಗಿ ‘ನೇರ ದೊಡ್ಡ ದವಾಖಾನಿಗೆ ನಡೀರಿ’ ಎಂಬುದು. ‘ಯಪ್ಪಾ, ಇಲ್ಲೇ ಸವದತ್ಯಾಗ ಇಂಜೆಕ್ಷನ್ ಐತಿ, ಮೊದಲ ಅದನ್ನ ಮಾಡಸೂಣು, ಆಮ್ಯಾಲ ಬೆಳಗಾವಿ’ ಎಂದು ಮುದುಕ ತಂದೆಯನ್ನು ಎರಡು ನಿಮಿಷದಲ್ಲಿ ಒಪ್ಪಿಸುವುದು ಯಾವ ಪಠ್ಯಕ್ರಮದಲ್ಲೂ ಅಂಕ ಇಲ್ಲದ ಕೌಶಲ.

ದೂರವೆಂದರೆ ಡಾಂಬರು ರಸ್ತೆ ಮಾತ್ರ ಅಲ್ಲ. ಇದು ಎರೆ ಭೂಮಿ. ಒಂದು ಮಳೆ ಬಿದ್ದರೆ ಹೊಲದ ಹಾದಿಯಲ್ಲಿ ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನ ಸಂದಿ ತುಂಬಿ, ವಾಹನ ನಿಂತಲ್ಲೇ ನಿಲ್ಲುತ್ತದೆ. ತೋಟದ ಮನೆಯಿಂದ ರೋಗಿ ರಸ್ತೆಯವರೆಗೆ ಬರುವುದು ಹೊರಸಿನ ಮೇಲೆ, ನಾಲ್ವರ ಹೆಗಲಿನಲ್ಲಿ. ಹೊರಸಿನ ನುಲಿ ಜಗ್ಗಿದ್ದರೆ ನಡು ಕುಸಿದು ಬೆನ್ನು ಬಾಗುತ್ತದೆ. ಮರದಿಂದ ಬಿದ್ದವರಿಗೆ ಅದು ಅಪಾಯ. ಅನುಭವಿಗಳು ಹೊರಸನ್ನು ಬೇಡವೆನ್ನುವುದಿಲ್ಲ. ಸ್ಪೈನ್ ಬೋರ್ಡನ್ನು ಹೆಗಲ ಮೇಲೆ ಹೊತ್ತು ನಡೆದು, ಅದನ್ನೇ ಹೊರಸಿನ ಮೇಲೆ ಹಾಸಿ, ಕುತ್ತಿಗೆಗೆ ಕಾಲರ್ ಕಟ್ಟಿ, ಎತ್ತುವವರಿಗೆ ‘ಒಂದ, ಎರಡ, ಮೂರ’ ಎಂದು ತಾಳ ಕೊಡುತ್ತಾರೆ.

2019ರ ಆಗಸ್ಟಿನ ನೆರೆಯಲ್ಲಿ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗು ಪ್ರದೇಶಗಳಿಗೆ ನುಗ್ಗಿತು. ಸೇತುವೆ ಮುಳುಗಿದರೆ ಹತ್ತು ಕಿ.ಮೀ. ದೂರದ ಊರು ಐವತ್ತು ಕಿ.ಮೀ. ಆಚೆ ಸರಿಯುತ್ತದೆ. ಅಂಥ ದಿನಗಳಲ್ಲಿ ದಾರಿಯ ಜ್ಞಾನ ಮೊಬೈಲಿನ ನಕಾಶೆಯಲ್ಲಿ ಸಿಗದು, ಪೈಲಟ್‌ನ ತಲೆಯಲ್ಲಿರುತ್ತದೆ.

ಮಾತಿನ ರೋಗನಿದಾನ

ಈಗ ‘ಎಣ್ಣಿ’ಗೆ ಮರಳೋಣ. ಕರೆ ಮಾಡಿದವರಿಗೆ ಇಎಂಟಿ ದಾರಿಯಲ್ಲಿರುವಾಗಲೇ ಫೋನ್ ಹಚ್ಚಿ ‘ಅಣ್ಣಾರ, ಯಾವ ಎಣ್ಣಿರಿ? ಹೊಲಕ್ಕ ಹೊಡಿಯೂದೋ, ಅಂಗಡ್ಯಾಗಿಂದೋ?’ ಎಂದು ಕೇಳಿದರೆ ಅರ್ಧ ನಿದಾನ ಮುಗಿಯಿತು. ಎರಡನೆಯ ಮಾತು ಅಷ್ಟೇ ಮುಖ್ಯ: ‘ಉಪ್ಪಿನ ನೀರ ಕುಡಸಬ್ಯಾಡ್ರಿ, ವಾಂತಿ ಮಾಡಸಬ್ಯಾಡ್ರಿ.’ ಪ್ರಜ್ಞೆ ಮಂಕಾದವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಡ ಮಗ್ಗುಲಿಗೆ ಹೊರಳಿಸಿ, ತೊಯ್ದ ಅಂಗಿ ತೆಗೆದು, ಮೈಯನ್ನು ಸಬಕಾರದ ನೀರಿನಿಂದ ತೊಳೆಯಲು ಹೇಳಬೇಕು. ಆರ್ಗನೋಫಾಸ್ಫೇಟ್ ಜಾತಿಯ ವಿಷಗಳು ಚರ್ಮದಿಂದಲೂ ಒಳಗಿಳಿಯುತ್ತವೆ. ಕೈಗವಸಿಲ್ಲದೆ ಮುಟ್ಟಿದ ಇಎಂಟಿಗೂ ಬಿಡುವುದಿಲ್ಲ. ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸುರಿವ ಜೊಲ್ಲು, ಗೊರಗುಡುವ ಎದೆ ಕಂಡರೆ ಸಕ್ಷನ್ ಮೊದಲು, ಆಮೇಲೆ ಆಮ್ಲಜನಕ, ಫೋನಿನಲ್ಲಿರುವ ವೈದ್ಯರ ಸೂಚನೆಯಂತೆ ಅಟ್ರೋಪಿನ್.

ಹಾವಿನ ಹೆಸರನ್ನು ರಾತ್ರಿ ಎತ್ತಬಾರದೆಂಬ ನಂಬಿಕೆಯಿಂದ ‘ಹುಳ ಮುಟ್ಟೇತಿ’ ಎನ್ನುವವರಿದ್ದಾರೆ. ಅಪರಿಚಿತ ಕಿವಿಗೆ ಅದು ಚೇಳೋ ಕಣಜವೋ ಆಗಿ ಕೇಳಿಸೀತು. ಇಲ್ಲಿಯ ಹೊಲಗಳಲ್ಲಿ ನಾಗರವೂ ಇದೆ, ಕೊಳಕುಮಂಡಲವೂ ಇದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ನೋವೂ ಇಲ್ಲ, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತು ಬೀಳುತ್ತದೆ. ‘ಹೊಟ್ಟಿ ಕಡಿಯಾಕತ್ತೇತಿ’ ಎಂಬ ಕರೆಗೆ ಹೋದವರು ‘ರಾತ್ರಿ ಎಲ್ಲಿ ಮಲಗಿದ್ರಿ ಯವ್ವಾ?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಕಚ್ಚಿದ ಕಾಲಿಗೆ ಬಿಗಿದ ಹಗ್ಗವನ್ನು ಕಂಡಾಕ್ಷಣ ಹರಿಯುವಂತೆಯೂ ಇಲ್ಲ: ತಡೆದ ವಿಷ ಒಮ್ಮೆಲೇ ಏರಬಹುದು. ಅದಕ್ಕೆ ಸಿದ್ಧರಾಗಿ, ಆದಷ್ಟು ಆಸ್ಪತ್ರೆಯಲ್ಲೇ ಬಿಚ್ಚಬೇಕು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ‘ಹುಳ’ ಎಂದೇ ಬರೆದ ಕರೆ ಆ ಎಣಿಕೆಗೆ ಬರುವುದೆಂತು?

ಲಕ್ವಾ ಹೊಡೆದವರಲ್ಲಿ ಹೆಪ್ಪು ಕರಗಿಸುವ ಚಿಕಿತ್ಸೆಗೆ ನಾಲ್ಕೂವರೆ ಗಂಟೆಯ ಗಡುವು. ಆ ಗಡುವನ್ನು ಎಣಿಸುವುದು ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ‘ಎಷ್ಟು ಗಂಟೆಗೆ?’ ಎಂದು ಕೇಳಿದರೆ ಸೊಸೆ ಹೇಳುವ ಉತ್ತರ ‘ದನಾ ಬಿಡೂ ಹೊತ್ತಿಗೆ ಛಲೋನ ಮಾತಾಡಿದ್ರು’. ದನ ಬಿಡುವುದು, ಹಾಲು ಹಿಂಡುವುದು, ದೀಪ ಹಚ್ಚುವುದು ಇವೆಲ್ಲ ಹಳ್ಳಿಯಲ್ಲಿ ಸಾಕಷ್ಟು ಕರಾರುವಾಕ್ಕಾದ ಗಡಿಯಾರಗಳು. ಅವನ್ನು ಗಂಟೆ–ನಿಮಿಷಕ್ಕೆ ತಿರುಗಿಸಿ ನಮೂನೆಯಲ್ಲಿ ಬರೆಯಬೇಕಾದವರು ಇಎಂಟಿ. ಅಂದಾಜು ತಪ್ಪಿದರೆ ಔಷಧವೇ ಕೈತಪ್ಪುತ್ತದೆ.

ಹೆರಿಗೆಯ ಕರೆಗಳು 108ರ ಕೆಲಸದಲ್ಲಿ ದೊಡ್ಡ ಪಾಲು. ‘ಬ್ಯಾನಿ ತಿನ್ನಾಕತ್ತಾಳ’ ಎಂದರೆ ಇನ್ನೂ ಹೊತ್ತಿದೆ ಎಂದಾಗಬಹುದು. ‘ನೀರ ಹೋಗ್ಯಾವ’ ಎಂದರೆ ಕಿಟ್ ಬಿಚ್ಚಿಡಬೇಕು. ಚೊಚ್ಚಲೋ ಮೂರನೆಯದೋ ಎಂಬ ಒಂದು ಪ್ರಶ್ನೆ ವಾಹನದ ವೇಗವನ್ನೇ ಬದಲಿಸುತ್ತದೆ. ಮಗುವಿನ ತಲೆ ಕಂಡಮೇಲೆ ಓಡುವ ವಾಹನಕ್ಕಿಂತ ರಸ್ತೆ ಬದಿಗೆ ನಿಂತ ವಾಹನವೇ ಸುರಕ್ಷಿತ. ಎಳೆಯದನ್ನು ಒರೆಸಿ ತಾಯಿಯ ಎದೆಗೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಹೊಕ್ಕುಳಬಳ್ಳಿಗೆ ಎರಡು ಕ್ಲಾಂಪ್ ಹಾಕಿ ನಡುವೆ ಕತ್ತರಿಸುವುದು ಕ್ರಮ.

ಗುಡ್ಡದ ಹುಣ್ಣಿಮೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಿಗೆ ಲಕ್ಷಾಂತರ ಜನ ಏರುತ್ತಾರೆ. ಮಹಾರಾಷ್ಟ್ರದಿಂದ ಬರುವವರೂ ಬಹಳ. ಭಂಡಾರದ ಹಳದಿ ಧೂಳಿನಲ್ಲಿ ಸ್ಟ್ರೆಚರ್ ದೂಡುವುದೇ ಒಂದು ಸಾಹಸ. ‘ಮೈಮ್ಯಾಲ ದೇವಿ ಬಂದಾಳ’ ಎಂದು ಸುತ್ತಲಿನವರು ಕೈಮುಗಿದು ನಿಂತಾಗ, ಬಿದ್ದವಳ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಲು ಅನುಮತಿ ಪಡೆಯಬೇಕು. ಉಪವಾಸದಲ್ಲಿ ಬಂದ ಸಕ್ಕರೆ ಕಾಯಿಲೆಯವರೂ ಹಾಗೆಯೇ ನಡುಗುತ್ತಾರೆ.

ನೂಕುನುಗ್ಗಲಾದರೆ ಗಾಯಾಳುಗಳ ಸರದಿ ಗೊತ್ತುಮಾಡಲು ಬಳಸುವ ‘ಸ್ಟಾರ್ಟ್’ ವಿಂಗಡಣೆ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡದ್ದು. ‘ನಡೆಯಬಲ್ಲವರು ಈ ಕಡೆ ಬನ್ನಿ’ ಎಂದು ಕೂಗುವುದು ಅದರ ಮೊದಲ ಹೆಜ್ಜೆ. ಕೊನೆಯದು ಸರಳ ಆಜ್ಞೆಯೊಂದನ್ನು ಪಾಲಿಸುತ್ತಾರೆಯೇ ಎಂಬ ಪರೀಕ್ಷೆ. ಪಾಲಿಸದಿದ್ದರೆ ಕೆಂಪು ಪಟ್ಟಿ, ಅಂದರೆ ಮೊದಲ ಸರದಿ. ಗುಡ್ಡದಲ್ಲಿ ಕನ್ನಡದಲ್ಲಷ್ಟೇ ಕೂಗಿದರೆ ಕೊಲ್ಹಾಪುರದ ಅಜ್ಜಿ ಕದಲುವುದಿಲ್ಲ, ಕಣ್ಣು ಮುಚ್ಚಿ ತೆರೆಯುವುದೂ ಇಲ್ಲ. ಮಿದುಳಿಗೆ ಪೆಟ್ಟಾಗಿಲ್ಲ, ಮಾತು ತಿಳಿದಿಲ್ಲ, ಅಷ್ಟೆ. ಅವಳ ಕೈಗೆ ಕಟ್ಟಿದ ಕೆಂಪು ಪಟ್ಟಿಯಿಂದಾಗಿ ನಿಜಕ್ಕೂ ಕೆಂಪಾದವರೊಬ್ಬರು ಕಾಯಬೇಕಾಗುತ್ತದೆ. ಜಾತ್ರೆಯ ಪಾಳಿಗೆ ಹೋಗುವವರಿಗೆ ಮರಾಠಿಯ ಹತ್ತು ವಾಕ್ಯ ಬಾಯಿಪಾಠ ಮಾಡಿಸಲು ಒಂದು ಮಧ್ಯಾಹ್ನ ಸಾಕು.

ಇಷ್ಟೆಲ್ಲ ಆದಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಉಳಿಯುವುದು ಒಂದು ಹಾಳೆ. ಅದರ ಅಂಕಣಗಳು ಇಂಗ್ಲಿಷಿನವು. ತುಂಬಬೇಕಾದ ಸಂಗತಿ ‘ಎಣ್ಣಿ’, ‘ಹುಳ’, ‘ದನಾ ಬಿಡೂ ಹೊತ್ತು’. ರೋಗಿಯ ಕಡೆಯವರು ಹೇಳಿದ ಮಾತನ್ನು ಹೇಳಿದಂತೆಯೇ ಕನ್ನಡದಲ್ಲಿ ಬರೆಯಲು ಆ ಹಾಳೆಯಲ್ಲಿ ಎರಡು ಗೆರೆ ಬಿಡಬೇಕು, ಅದರ ಕೆಳಗೆ ಇಎಂಟಿಯ ಅರ್ಥೈಕೆ ಬರಬೇಕು ಎಂಬುದು ನನ್ನ ಸಲಹೆ. ಕಾನೂನಿನ ಪ್ರಕರಣವಾದರೆ ಮುಂದೆ ಆ ಎರಡು ಗೆರೆಗಳಿಗೇ ಬೆಲೆ. ಸದ್ಯಕ್ಕೆ ಜಾಣ ಇಎಂಟಿಗಳು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಹೊರಡುವ ಮುನ್ನ ‘ಆ ಬಾಟ್ಲಿ ತರ್ರಿ ತಮ್ಮಾ’ ಎಂದು ಮನೆಯ ಹುಡುಗನನ್ನು ಓಡಿಸುತ್ತಾರೆ. ಅದರ ಲೇಬಲಿನ ಮೇಲಿರುವ ಚೌಕದ ಕೆಳಭಾಗದ ತ್ರಿಕೋನ ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಬಾಟಲಿ ರೋಗಿಯ ಜೊತೆಗೇ ಸ್ಟ್ರೆಚರಿನ ಮೇಲೆ ಒಳಗೆ ಹೋಗುತ್ತದೆ. ಕರ್ತವ್ಯದಲ್ಲಿದ್ದ ವೈದ್ಯರು ಹಾಳೆಗಿಂತ ಮೊದಲು ಅದನ್ನು ಬೆಳಕಿಗೆ ಹಿಡಿದು ಓದುತ್ತಾರೆ.