ನೀರು ಎಚ್‌2ಓ ಏಕೆ, ಎಚ್‌ಓ ಏಕಲ್ಲ? ಐವತ್ತು ವರ್ಷ ಪಂಡಿತರನ್ನೇ ಕಾಡಿದ ಪ್ರಶ್ನೆ

ಗಡಿಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿ, ಹನ್ನೊಂದನೆಯ ತರಗತಿಗೆ ವಿಜ್ಞಾನ ಶಾಖೆ ಸೇರುವ ಮಕ್ಕಳಿಗೆ ಮೊದಲ ಕೆಲವು ತಿಂಗಳು ಬಹಳ ಕಷ್ಟದ ಕಾಲ. ಅದುವರೆಗೆ ಜಲಜನಕ, ಆಮ್ಲಜನಕ, ಇಂಗಾಲ ಎಂದು ಓದಿದವರು ಒಮ್ಮೆಲೇ ಹೈಡ್ರೋಜನ್, ಆಕ್ಸಿಜನ್, ಕಾರ್ಬನ್ ಎನ್ನಬೇಕು. ಪಾಠ ಇಂಗ್ಲಿಷಿನಲ್ಲಿ, ಪಕ್ಕದ ಬೆಂಚಿನವರ ಮಾತು ಮರಾಠಿಯಲ್ಲಿ. ರಜೆಯಲ್ಲಿ ಊರಿಗೆ ಬಂದವರು ರಸಾಯನಶಾಸ್ತ್ರದ ಬಗ್ಗೆ ಕೇಳುವ ಪ್ರಶ್ನೆಗಳು ಪ್ರತಿವರ್ಷ ಹೆಚ್ಚುಕಡಿಮೆ ಅವೇ. ನೀರು ಎಚ್‌2ಓ ಎಂದು ಯಾರು ನೋಡಿ ಹೇಳಿದರು? ಆಮ್ಲಜನಕವನ್ನು ಒಂಟಿ ಓ ಎಂದು ಬರೆಯದೆ ಓ2 ಎಂದು ಬರೆಯುವುದೇಕೆ? ಅಣುವಿಗೂ ಪರಮಾಣುವಿಗೂ ಏನು ವ್ಯತ್ಯಾಸ? ಮೋಲ್ ಎಂದರೇನು?

ಇವನ್ನು ಕಾಲೇಜಿನಲ್ಲಿಯೇ ಕೇಳಬಹುದಲ್ಲ ಎಂದರೆ ತಲೆ ತಗ್ಗಿಸುತ್ತಾರೆ. 'ಕನ್ನಡ ಮಾಧ್ಯಮದವನು, ಇಷ್ಟೂ ಗೊತ್ತಿಲ್ಲ' ಎಂದಾರು ಎಂಬ ಅಂಜಿಕೆ. ಈ ಅಂಜಿಕೆಯಿಂದಲೇ ವರ್ಷ ತುಂಬುವುದರೊಳಗೆ ವಿಜ್ಞಾನ ಬಿಟ್ಟ ಜಾಣ ಮಕ್ಕಳನ್ನು ನೋಡಿದ್ದೇನೆ. ವಿದ್ಯಾರ್ಥಿ ಮಿತ್ರರೇ, ನಿಮಗಾಗಿಯೇ ಈ ಲೇಖನ. ನೀವು ಕೇಳಲು ನಾಚುವ ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಯುರೋಪಿನ ಘನವಿದ್ವಾಂಸರು ಸುಮಾರು ಐವತ್ತು ವರ್ಷ ಒದ್ದಾಡಿದರು. ಆ ಕಥೆ ತಿಳಿದರೆ ನಿಮ್ಮ ಸಂಕೋಚ ಅರ್ಧ ಕಡಿಮೆಯಾದೀತು.

ನೇಕಾರನ ಮಗನ ಊಹೆ

ಕಥೆ ಶುರುವಾಗುವುದು ಜಾನ್ ಡಾಲ್ಟನ್‌ನಿಂದ. 1766ರಲ್ಲಿ ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಈತ ಬಡ ನೇಕಾರನ ಮಗ. ಹನ್ನೆರಡನೆಯ ವಯಸ್ಸಿಗೇ ಹಳ್ಳಿಶಾಲೆಯಲ್ಲಿ ಪಾಠ ಹೇಳತೊಡಗಿದ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನೇಕಾರ ಮನೆತನದ ಮಕ್ಕಳು ಇದನ್ನು ನೆನಪಿಡಬೇಕು!

ಪ್ರತಿಯೊಂದು ಮೂಲವಸ್ತುವಿಗೂ ಅದರದೇ ಆದ ಪರಮಾಣು ಉಂಟು, ಅದಕ್ಕೆ ಅದರದೇ ಆದ ತೂಕ ಉಂಟು ಎಂದು ಡಾಲ್ಟನ್ ಸಾರಿದ. 1808ರಲ್ಲಿ ಅವನ ಪುಸ್ತಕ ಹೊರಬಂತು. ಆದರೆ ಕಣ್ಣಿಗೆ ಕಾಣದ ಪರಮಾಣುವನ್ನು ತೂಗುವುದು ಹೇಗೆ? ನೀರನ್ನು ಒಡೆದರೆ 1 ಗ್ರಾಂ ಜಲಜನಕಕ್ಕೆ ಸುಮಾರು 8 ಗ್ರಾಂ ಆಮ್ಲಜನಕ ಸಿಗುತ್ತದೆ ಎಂದು ಇಂದು ನಮಗೆ ಗೊತ್ತು. (ಡಾಲ್ಟನ್‌ನ ಕಾಲದ ತಕ್ಕಡಿಯಲ್ಲಿ ಅದು 7ರ ಹತ್ತಿರ ಬಂದಿತ್ತು.) ನೀರಿನ ಒಂದು ಕಣದಲ್ಲಿ ಜಲಜನಕ ಒಂದು, ಆಮ್ಲಜನಕ ಒಂದು ಇದ್ದರೆ ಆಮ್ಲಜನಕದ ಪರಮಾಣು ತೂಕ 8. ಜಲಜನಕ ಎರಡಿದ್ದರೆ ಅದು 16. ಎಷ್ಟಿವೆ ಎಂದು ತಿಳಿಯದೆ ತೂಕ ಹೇಳುವಂತಿಲ್ಲ, ತೂಕ ತಿಳಿಯದೆ ಎಷ್ಟಿವೆ ಎಂದು ಹೇಳುವಂತಿಲ್ಲ. ಬೀಜ ಮೊದಲೋ ಮರ ಮೊದಲೋ ಎಂಬಂತಾಯಿತು.

ಡಾಲ್ಟನ್ ಒಂದು ಸುಲಭದ ದಾರಿ ಹಿಡಿದ. ಎರಡು ಮೂಲವಸ್ತುಗಳಿಂದ ಒಂದೇ ಸಂಯುಕ್ತ ಗೊತ್ತಿದ್ದರೆ, ಅದರಲ್ಲಿ ಒಂದಕ್ಕೆ ಒಂದು ಎಂದೇ ತಿಳಿಯೋಣ ಎಂದ. ಹೀಗೆ ನೀರು ಎಚ್‌ಓ ಆಯಿತು. ಆಧಾರ ಏನೂ ಇಲ್ಲ, ಬರೀ ಸರಳತೆ.

ಆವೊಗಾಡ್ರೋ ಹೇಳಿದ್ದೇನು?

ಅದೇ 1808ರಲ್ಲಿ ಫ್ರಾನ್ಸಿನ ಗೇ-ಲ್ಯುಸಾಕ್ ಅನಿಲಗಳನ್ನು ತೂಗುವ ಬದಲು ಅಳೆದ. 2 ಲೀಟರ್ ಜಲಜನಕ, 1 ಲೀಟರ್ ಆಮ್ಲಜನಕ ಸೇರಿದರೆ 2 ಲೀಟರ್ ನೀರಾವಿ ಬರುತ್ತದೆ (ಶಾಖ, ಒತ್ತಡ ಒಂದೇ ಇದ್ದಾಗ).

1811ರಲ್ಲಿ ಇಟಲಿಯ ಅಮೆಡಿಯೋ ಆವೊಗಾಡ್ರೋ ಇದಕ್ಕೆ ಅರ್ಥ ಹೇಳಿದ. ಈತ ಓದಿದ್ದು ಕಾನೂನು. ಆಮೇಲೆ ವಿಜ್ಞಾನದ ಕಡೆ ಹೊರಳಿ, ವೆರ್ಚೆಲ್ಲಿ ಎಂಬ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಸಮ ಗಾತ್ರದ ಯಾವುದೇ ಅನಿಲಗಳಲ್ಲಿ ಕಣಗಳ ಸಂಖ್ಯೆ ಸಮ ಎಂಬುದು ಅವನ ಮೊದಲ ಮಾತು. ಲೆಕ್ಕ ಹಾಕಿ ನೋಡೋಣ. 1 ಲೀಟರಿನಲ್ಲಿ 100 ಕಣ ಎಂದು ಇಟ್ಟುಕೊಳ್ಳಿ. 200 ಜಲಜನಕದ ಕಣ, 100 ಆಮ್ಲಜನಕದ ಕಣ ಸೇರಿ 200 ನೀರಿನ ಕಣ ಆದವು. ನೀರಿನ ಪ್ರತಿ ಕಣದಲ್ಲೂ ಆಮ್ಲಜನಕ ಇರಲೇಬೇಕು. 200 ಮನೆಗೆ ಹಂಚಬೇಕು, ಇರುವುದು 100. ಹಾಗಾದರೆ ಆಮ್ಲಜನಕದ ಪ್ರತಿ ಕಣವೂ ಎರಡು ಹೋಳಾಗಿರಬೇಕು!

ಅಂದರೆ ಆಮ್ಲಜನಕದ ಕಣ ಒಂಟಿಯಲ್ಲ, ಜೋಡಿ. ಇದು ಅವನ ಎರಡನೆಯ ಮಾತು. ಓ2 ಎಂದು ಏಕೆ ಬರೆಯಬೇಕು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಜಲಜನಕವೂ ಜೋಡಿ ಎಂದಾಗ ನೀರು ಎಚ್‌2ಓ ಆಗುತ್ತದೆ.

ಇಷ್ಟು ಸರಳವಾದದ್ದನ್ನು ಜನ ಒಪ್ಪಬೇಕಿತ್ತಲ್ಲವೇ? ಒಪ್ಪಲಿಲ್ಲ. ಒಂದೇ ಬಗೆಯ ಪರಮಾಣುಗಳು ಪರಸ್ಪರ ದೂರ ತಳ್ಳುತ್ತವೆ ಎಂಬುದು ಡಾಲ್ಟನ್‌ನ ನಂಬಿಕೆ. ಸ್ವೀಡನ್ನಿನ ಬರ್ಜೀಲಿಯಸ್ ಆ ಕಾಲದ ರಸಾಯನಶಾಸ್ತ್ರದ ದೊರೆ. ನಾವು ಇಂದು ಬಳಸುವ ಅಕ್ಷರ ಸಂಕೇತಗಳು ಅವನ ಕೊಡುಗೆ. ಅವನೂ ನೀರಿನಲ್ಲಿ ಎರಡು ಜಲಜನಕ ಎಂದೇ ಬರೆಯುತ್ತಿದ್ದ. ಆದರೆ ಧನ ವಿದ್ಯುತ್ತಿನ ಪರಮಾಣು ಋಣ ವಿದ್ಯುತ್ತಿನ ಪರಮಾಣುವನ್ನು ಸೆಳೆದಾಗಲೇ ಸಂಯುಕ್ತ ಎಂಬುದು ಅವನ ಸಿದ್ಧಾಂತ. ಅದರ ಪ್ರಕಾರ ಆಮ್ಲಜನಕ ಆಮ್ಲಜನಕವನ್ನೇ ಕೂಡುವುದು ಹೇಗೆ? ಸಾಲದ್ದಕ್ಕೆ 1826ರ ನಂತರ ಫ್ರಾನ್ಸಿನ ಡ್ಯೂಮಾ ಬೇರೆ ಬೇರೆ ವಸ್ತುಗಳ ಆವಿಯನ್ನು ತೂಗಿದಾಗ ಪಾದರಸದ್ದು ನಿರೀಕ್ಷೆಯ ಅರ್ಧ, ರಂಜಕದ್ದು ಎರಡರಷ್ಟು, ಗಂಧಕದ್ದು ಮೂರರಷ್ಟು ಬಂತು. ಎಲ್ಲ ಅಣುವೂ ಜೋಡಿಯೇ ಆಗಿರಬೇಕಿಲ್ಲ, ಒಂಟಿ, ನಾಲ್ಕು, ಆರು, ಎಂಟು ಪರಮಾಣುಗಳ ಅಣುವೂ ಉಂಟು ಎಂಬುದು ಆಗ ಹೊಳೆಯಲಿಲ್ಲ. ಆವೊಗಾಡ್ರೋನ ಮಾತು ಮೂಲೆಗೆ ಬಿತ್ತು. 1856ರಲ್ಲಿ ಅವನು ತೀರಿಕೊಂಡಾಗ ಅದಕ್ಕೆ ಇನ್ನೂ ಮನ್ನಣೆ ಸಿಕ್ಕಿರಲಿಲ್ಲ.

ಫಲಿತಾಂಶ ಏನಾಯಿತು? ಒಬ್ಬರು ಆಮ್ಲಜನಕ 8 ಎಂದರು, ಇನ್ನೊಬ್ಬರು 16 ಎಂದರು. ಒಬ್ಬರ ಪುಸ್ತಕದಲ್ಲಿ ನೀರು ಎಚ್‌ಓ, ಇನ್ನೊಬ್ಬರದರಲ್ಲಿ ಎಚ್‌2ಓ. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ ಒಂದಕ್ಕೇ ಬಳಕೆಯಲ್ಲಿದ್ದ 19 ಬೇರೆ ಬೇರೆ ಸೂತ್ರಗಳನ್ನು ಜರ್ಮನಿಯ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದಾನೆ. ಆ ಕಾಲದ ವಿದ್ಯಾರ್ಥಿಗಳ ಗತಿ ಏನು, ಯೋಚಿಸಿ!

ಕಾರ್ಲ್ಸ್‌ರೂಹೆಯಲ್ಲಿ ಮೂರು ದಿನ

ಕೊನೆಗೆ ಕೆಕುಲೆ, ವುರ್ಟ್ಸ್, ವೆಲ್ಟ್‌ಜೀನ್ ಮೂವರೂ ಸೇರಿ ಎಲ್ಲರನ್ನೂ ಒಂದೆಡೆ ಕರೆದರು. 1860ರ ಸೆಪ್ಟೆಂಬರ್ 3ರಿಂದ 5ರವರೆಗೆ ಈಗಿನ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಕೂಡಿದರು. ಅವರ ಮುಂದಿದ್ದ ಮೊದಲ ಪ್ರಶ್ನೆ ಯಾವುದು ಗೊತ್ತೇ? ಅಣುವಿಗೂ ಪರಮಾಣುವಿಗೂ ಏನು ವ್ಯತ್ಯಾಸ! ನಮ್ಮ ಹುಡುಗರು ಕೇಳಲು ಹೆದರುವ ಪ್ರಶ್ನೆಯನ್ನೇ ಪಂಡಿತರ ಸಭೆ ಮೊದಲು ಕೈಗೆತ್ತಿಕೊಂಡಿತು.

ನಮ್ಮ ಗಡಿಭಾಗದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡ ವಿಜ್ಞಾನ ಪಾಠಗಳಲ್ಲಿ ಚಿಕ್ಕದು ಪರಮಾಣು, ಅವು ಕೂಡಿ ಆದದ್ದು ಅಣು. ಮರಾಠಿಯಲ್ಲಿ ಚಿಕ್ಕದಕ್ಕೇ ಅಣು ಎನ್ನುತ್ತಾರೆ, ಕೂಡಿ ಆದದ್ದಕ್ಕೆ ರೇಣು. ಸಾಲದ್ದಕ್ಕೆ ನಾವೇ ಮಾತಿನಲ್ಲಿ ಅಣುಬಾಂಬ್, ಅಣುಶಕ್ತಿ ಎನ್ನುತ್ತೇವೆ. ಒಂದೇ ಪದ, ಎರಡು ಅರ್ಥ. ಪದ ಒಡೆದರೆ ವಿಚಾರವೂ ಒಡೆಯುತ್ತದೆ. ಆವೊಗಾಡ್ರೋನ ಲೇಖನದಲ್ಲೂ ಇದೇ ತೊಡಕಿತ್ತು. ಅವನು ಎರಡಕ್ಕೂ 'ಅಣು' ಎಂಬ ಒಂದೇ ಪದವನ್ನು, ಹಿಂದೊಂದು ವಿಶೇಷಣ ಸೇರಿಸಿ ಬಳಸಿದ್ದ.

ಸಭೆಗೆ ಇಟಲಿಯಿಂದ ಸ್ತಾನಿಸ್ಲಾವ್ ಕಾನಿಝಾರೋ ಬಂದಿದ್ದ. ವಯಸ್ಸು 34. ಈತ ಜಿನೋವಾದಲ್ಲಿ ಅಧ್ಯಾಪಕ. ತನ್ನ ವಿದ್ಯಾರ್ಥಿಗಳಿಗೆ ಪಾಠವನ್ನು ಯಾವ ಕ್ರಮದಲ್ಲಿ ಹೇಳುತ್ತೇನೆ ಎಂಬುದರ ಟಿಪ್ಪಣಿಯನ್ನು 1858ರಲ್ಲಿ ಪ್ರಕಟಿಸಿದ್ದ. ಅದರಲ್ಲಿ ಆವೊಗಾಡ್ರೋನ ಮಾತನ್ನು ಹಿಡಿದು ಪರಮಾಣು ತೂಕ ಕಂಡುಹಿಡಿಯುವ ದಾರಿ ಇತ್ತು. ಇಂಗಾಲವನ್ನೇ ತೆಗೆದುಕೊಳ್ಳಿ. ಜಲಜನಕದ ಅಣುವನ್ನು 2 ಎಂದಿಟ್ಟುಕೊಂಡು, ಇಂಗಾಲವಿರುವ ಅನಿಲಗಳ ಅಣುತೂಕ ಲೆಕ್ಕ ಹಾಕಬೇಕು. ಮೀಥೇನ್ 16, ಅದರಲ್ಲಿ ಇಂಗಾಲ 12. ಕಾರ್ಬನ್ ಮೊನಾಕ್ಸೈಡ್ 28, ಇಂಗಾಲ 12. ಕಾರ್ಬನ್ ಡೈಆಕ್ಸೈಡ್ 44, ಇಂಗಾಲ 12. ಎಥಿಲೀನ್ 28, ಇಂಗಾಲ 24. ಎಲ್ಲಿ ನೋಡಿದರೂ 12, ಇಲ್ಲವೇ ಅದರ ಮಡಿ. ಹನ್ನೆರಡಕ್ಕಿಂತ ಕಡಿಮೆ ಎಲ್ಲಿಯೂ ಇಲ್ಲ. ಆದ್ದರಿಂದ ಇಂಗಾಲದ ಪರಮಾಣು ತೂಕ 12. ಆಮ್ಲಜನಕಕ್ಕೂ ಹೀಗೆಯೇ ಮಾಡಿದರೆ 16 ಬರುತ್ತದೆ. ಊಹೆಯ ಜಾಗಕ್ಕೆ ಲೆಕ್ಕ ಬಂತು.

ಸಭೆ ಯಾವ ತೀರ್ಮಾನವನ್ನೂ ಮಾಡದೆ ಮುಗಿಯಿತು. ವಿಜ್ಞಾನದ ಪ್ರಶ್ನೆಯನ್ನು ಕೈ ಎತ್ತಿಸಿ ತೀರ್ಮಾನಿಸಲಾಗದು ಎಂದರು. ಆದರೆ ಹೊರಡುವ ಹೊತ್ತಿಗೆ ಕಾನಿಝಾರೋನ ಗೆಳೆಯ ಪಾವೇಸಿ ಆ ಪಾಠಟಿಪ್ಪಣಿಯ ಪ್ರತಿಗಳನ್ನು ಹಂಚಿದ. ಜರ್ಮನಿಯ ಲೋಥಾರ್ ಮೇಯರ್ ಅದನ್ನು ಓದಿದಾಗ ತನ್ನ ಸಂಶಯಗಳೆಲ್ಲ ಕರಗಿದವು ಎಂದು ಮುಂದೆ ಬರೆದ. ಸಭೆಯಲ್ಲಿ 26ರ ಹರೆಯದ ಮೆಂಡಲೀವ್ ಕೂಡ ಇದ್ದ. ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದಾಗ 1869ರಲ್ಲಿ ಅವನು ಆವರ್ತಕ ಕೋಷ್ಟಕ ರಚಿಸಿದ್ದು ಇದೇ ಸರಿಪಡಿಸಿದ ಪರಮಾಣು ತೂಕಗಳ ಮೇಲೆ.

ಹಾಗಾದರೆ ಮೋಲ್?

ಮೋಲ್ ಎಂಬುದು ಡಜನ್ ಇದ್ದ ಹಾಗೆ, ಎಣಿಕೆಯ ಒಂದು ಕಟ್ಟು. ಅಂಗಡಿಯವನು ಮೊಳೆಗಳನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾನೆ. ಒಂದು ಮೊಳೆಯ ತೂಕ ಗೊತ್ತಿದ್ದರೆ ಕಿಲೋಗೆ ಎಷ್ಟು ಎಂದು ನೀವೇ ಹೇಳಬಹುದು. ಪರಮಾಣುಗಳನ್ನೂ ಹಾಗೆಯೇ ತೂಗಿ ಎಣಿಸುತ್ತೇವೆ. 12 ಗ್ರಾಂ ಇಂಗಾಲ, 32 ಗ್ರಾಂ ಆಮ್ಲಜನಕ ಅನಿಲ, 18 ಗ್ರಾಂ ನೀರು: ಇಂಗಾಲದಲ್ಲಿ ಪರಮಾಣು, ಉಳಿದೆರಡರಲ್ಲಿ ಅಣು ಎಣಿಸಿದರೆ ಮೂರರಲ್ಲೂ ಸಂಖ್ಯೆ ಒಂದೇ. ಅದು 6.022 ಗುಣಿಸು 10ರ 23ನೆಯ ಘಾತ.

ಇದಕ್ಕೆ ಆವೊಗಾಡ್ರೋ ಸಂಖ್ಯೆ ಎಂದು ಹೆಸರು. ತಮಾಷೆ ಎಂದರೆ ಆವೊಗಾಡ್ರೋನಿಗೆ ಈ ಸಂಖ್ಯೆ ಗೊತ್ತೇ ಇರಲಿಲ್ಲ! ಅಣುವಿನ ಗಾತ್ರವನ್ನು 1865ರಲ್ಲಿ ಲೋಶ್ಮಿಟ್ ಅಂದಾಜು ಮಾಡಿದ. 1909ರಲ್ಲಿ ಫ್ರಾನ್ಸಿನ ಪೆರಿನ್ ಪ್ರಯೋಗಗಳಿಂದ ಸಂಖ್ಯೆಯನ್ನು ಗುರುತಿಸಿ ಆವೊಗಾಡ್ರೋನ ಹೆಸರಿಟ್ಟ. 2019ರ ಮೇ 20ರಿಂದ ಅದರ ಬೆಲೆಯನ್ನು ನಿಖರವಾಗಿ ನಿಗದಿ ಮಾಡಿ, ಮೋಲ್‌ನ ವ್ಯಾಖ್ಯೆಯನ್ನೇ ಬದಲಿಸಿದ್ದಾರೆ. ಇಂಗಾಲದ 12 ಗ್ರಾಂ ಈಗ ವ್ಯಾಖ್ಯೆಯಲ್ಲಿಲ್ಲ, ಲೆಕ್ಕಕ್ಕೆ ಮಾತ್ರ ಸರಿಹೋಗುತ್ತದೆ. ಹಳೆಯ ಪುಸ್ತಕದಿಂದ ಓದುವವರು ಇದನ್ನು ಗಮನಿಸಬೇಕು.

ಮಿತ್ರರೇ, 1811ರಲ್ಲಿ ಹೇಳಿದ ಉತ್ತರ 1860ರವರೆಗೆ ಕಾಯಬೇಕಾಯಿತು. ಡಾಲ್ಟನ್‌ನಂಥವನಿಗೂ ಹಿಡಿಸದ ವಿಷಯ ನಿಮಗೆ ಒಂದೇ ಪಿರಿಯಡ್ಡಿನಲ್ಲಿ ಅರ್ಥವಾಗದಿದ್ದರೆ ಅದಕ್ಕೆ ನಿಮ್ಮ ಮಾಧ್ಯಮ ಕಾರಣವಲ್ಲ, ವಿಷಯವೇ ಹಾಗಿದೆ. ಗಂಟು ಬಿಚ್ಚಿದ್ದು ಒಬ್ಬ ಮೇಷ್ಟ್ರು ತನ್ನ ಹುಡುಗರಿಗಾಗಿ ಬರೆದ ಪಾಠಟಿಪ್ಪಣಿ. ಆದ್ದರಿಂದ ತರಗತಿಯಲ್ಲಿ ಎದ್ದು ನಿಂತು ಕೇಳಿ. ಇಂಗ್ಲಿಷ್ ಬಾರದಿದ್ದರೆ ಮರಾಠಿಯಲ್ಲಿ ಕೇಳಿ, ಅದೂ ತೊಡಕಾದರೆ ಕಾಗದದ ಮೇಲೆ ಚಿತ್ರ ಬರೆದು ಕೇಳಿ. ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ: ಹತ್ತನೆಯ ತರಗತಿಯಲ್ಲಿಯೇ ಅಣು, ಪರಮಾಣು, ರೇಣು ಪದಗಳನ್ನು ಇಂಗ್ಲಿಷ್ ಪದಗಳ ಜೊತೆ ಒಂದೇ ಸಾಲಿನಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಕೊಡಿ. ಐದು ನಿಮಿಷದ ಕೆಲಸ.